ಕೂತರೆ ಸಾಲದು: ಹಳೆಯ ಬೇಟೆ ರೈಫಲಿಗೆ ತೋಟಾ ಆರಿಸುವ ಕ್ರಮ

"ತೋಟಾ ಸಲೀಸಾಗಿ ಕೂರುತ್ತೆ, ಬೋಲ್ಟೂ ಮುಚ್ಚುತ್ತೆ, ಇನ್ನೇನು ನೋಡೋದು?" ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ಹೊತ್ತಿಗೆ ಅಜ್ಜನ ಕಾಲದ ರೈಫಲನ್ನು ಐನ್‌ಮನೆಯಿಂದ (ಕುಟುಂಬದ ಮೂಲಮನೆಯಿಂದ) ಹೊರತೆಗೆದವರು ಸಾಮಾನ್ಯವಾಗಿ ಆಡುವ ಮಾತಿದು. ಆದರೆ ಕೂರುವ, ಬೋಲ್ಟ್ (ರೈಫಲಿನ ಹಿಂಬದಿ ಮುಚ್ಚುವ ಅಗುಳಿ) ಮುಚ್ಚುವ, ಟ್ರಿಗರ್ ಎಳೆದರೆ ಸಿಡಿಯುವ ತಪ್ಪು ತೋಟಾಗಳು ಒಂದೆರಡಲ್ಲ. .30-06 ರೈಫಲಿಗೆ .308 ತೋಟಾ ಹಾಕಿದರೂ ಬೋಲ್ಟ್ ಮುಚ್ಚುತ್ತದೆ. ಅದರ ಕೇಸು (ಹಿತ್ತಾಳೆಯ ಕವಚ) ಸುಮಾರು 12 ಮಿ.ಮೀ. ಗಿಡ್ಡವಾದ್ದರಿಂದ ಸಿಡಿದಾಗ ಹಿತ್ತಾಳೆ ಹಿಗ್ಗಿ ಸೀಳುತ್ತದೆ, ಅನಿಲ ಬೋಲ್ಟಿನ ಕಡೆಗೆ ನುಗ್ಗುತ್ತದೆ. ಕಪ್ಪು ಮದ್ದಿನ .500 ಬ್ಲ್ಯಾಕ್ ಪೌಡರ್ ಎಕ್ಸ್‌ಪ್ರೆಸ್ ಕೋವಿಗೆ ಹೊಗೆರಹಿತ ಮದ್ದಿನ .500 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ಹಾಕಿದರೆ ಅಳತೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಒತ್ತಡದಲ್ಲಿ, ಅದು ಕಣ್ಣಿಗೆ ಕಾಣುವ ವಸ್ತುವಲ್ಲ.

ಆದ್ದರಿಂದ ತೋಟಾ ಆರಿಸುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು. ಚೇಂಬರ್ (ತೋಟಾ ಕೂರುವ ಗೂಡು) ಯಾವ ಕೇಸಿಗೆ ಕೊರೆದದ್ದು? ನಳಿಗೆ ಯಾವ ದಪ್ಪದ ಗುಂಡಿಗೆ ಗೀರಿದ್ದು? ಕೋವಿ ಎಷ್ಟು ಒತ್ತಡಕ್ಕೆ ಪರೀಕ್ಷೆಯಾಗಿ ಮುದ್ರೆ ಪಡೆದದ್ದು? ಒಂದಕ್ಕೆ ಉತ್ತರ ಸಿಕ್ಕರೆ ಉಳಿದೆರಡೂ ಸಿಕ್ಕಂತೆ ಎಂದು ಭಾವಿಸುವುದರಿಂದಲೇ ನಳಿಗೆಗಳು ಹಾಳಾಗುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗ ಈ ರೈಫಲುಗಳಿಗೆ ಇರುವ ಕೆಲಸ ಗುರಿ ಹೊಡೆಯುವುದು, ಹಬ್ಬದಲ್ಲಿ ತೆಂಗಿನಕಾಯಿ ಒಡೆಯುವುದು. ಕಾಟಿಯನ್ನು ಕೆಡವುವ ಬಲ ಯಾರಿಗೂ ಬೇಕಿಲ್ಲ. ಹಾಗಾಗಿ ಅಂಗಡಿಯಲ್ಲಿ ಎರಡು ಬಗೆಯ ತೋಟಾ ಸಿಕ್ಕಿದರೆ, ಕೋವಿಗೆ ಒಪ್ಪುವವುಗಳಲ್ಲಿ ಕಡಿಮೆ ಒತ್ತಡದ್ದನ್ನೇ ತೆಗೆದುಕೊಳ್ಳಿ. ಜೋಡಿ ನಳಿಗೆ ರೈಫಲಿನ ಲೆಕ್ಕ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಕಾಗದ

ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರ ಅಕ್ಟೋಬರಿನ ಅಧಿಸೂಚನೆಯಂತೆ ಅದು 2029ರ ಅಕ್ಟೋಬರ್ 31ರವರೆಗೆ ಊರ್ಜಿತ. ಜಿಲ್ಲೆಯ ಗಡಿ ದಾಟಿದರೆ ಒಬ್ಬರ ಬಳಿ ಒಂದು ರೈಫಲ್, ಅದಕ್ಕೆ 100 ತೋಟಾ, ಅಷ್ಟೇ ಮಿತಿ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ನಿಷಿದ್ಧ ಬೋರಿನ (ನಳಿಗೆ ಅಳತೆಯ) ಕೋವಿ ಇಟ್ಟುಕೊಳ್ಳಲಾಗಲಿ, ಪರವಾನಗಿ ಇಲ್ಲದವರ ಕೈಯಲ್ಲಿ ನಳಿಗೆ ಕೊರೆಸಲಾಗಲಿ, ಖಾಲಿ ಕೇಸಿಗೆ ಮನೆಯಲ್ಲೇ ಮದ್ದು ತುಂಬಲಾಗಲಿ ಒಪ್ಪಿಗೆ ಸಿಕ್ಕಂತಲ್ಲ.

ಕಾಗದದಲ್ಲಿ ಬರೆದ ಬೋರೂ ನಳಿಗೆಯ ಮೇಲೆ ಕೊರೆದ ಬೋರೂ ಒಂದೇ ಆಗಿದೆಯೇ ನೋಡಿ. ಹಳೆಯ ದಾಖಲೆಗಳಲ್ಲಿ ಬರೀ "8 ಎಂಎಂ" ಎಂದೋ "ರೈಫಲ್ ಒಂದು" ಎಂದೋ ಇರುತ್ತದೆ. 8 ಎಂಎಂ ಎಂದರೆ ನಾಲ್ಕಾರು ಬೇರೆಬೇರೆ ತೋಟಾಗಳು. ದಾಖಲೆ ತಿದ್ದಿಸದೆ ತೋಟಾ ಖರೀದಿಗೆ ಹೋಗಬೇಡಿ.

ನಳಿಗೆಯ ಒಳಗೆ ಕಣ್ಣಾಡಿಸಿ

ಬೋಲ್ಟ್ ತೆಗೆಯಿರಿ, ಮ್ಯಾಗಜಿನ್ ಕಳಚಿ, ಚೇಂಬರಿಗೆ ಬೆರಳು ಹಾಕಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಳ್ಳಿ. ಬೋಲ್ಟ್ ಇಲ್ಲದ ಒಂಟಿ ಈಡಿನ ರೈಫಲಾದರೆ ಹಿಂಬದಿ ತೆರೆದು ಬೆಳಕು ಹಾಯಿಸಿ. ಗೋಡೆಗೆ ತೂಗುಹಾಕಿದ ಕೋವಿಯ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ನಮ್ಮ ಕಡೆ ತೀರ ಸಾಮಾನ್ಯ. ಹೊರಗಿನಿಂದ ಅದು ಕಾಣುವುದಿಲ್ಲ, ಎರಡು ಇಂಚು ಒಳಗಿರುತ್ತದೆ. ಪೂಜೆಗೆ ಇಟ್ಟಾಗ ನಳಿಗೆಗೆ ಸಿಕ್ಕಿಸಿದ ತೋಕ್ ಪೂವಿನ (ಕೋವಿ ಹೂವಿನ) ತೊಟ್ಟು ಮುರಿದು ಒಳಗೇ ಉಳಿಯಬಹುದು. ಹೋದ ವರ್ಷ ಬಳಿದ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿರುವುದೂ ಉಂಟು. ಮುಚ್ಚಿದ ನಳಿಗೆಯಲ್ಲಿ ಸರಿಯಾದ ತೋಟಾ ಕೂಡ ತಪ್ಪು ತೋಟಾವೇ: ಗುಂಡು ಆ ಅಡ್ಡಿಗೆ ತಾಗಿ ತಡೆದ ಕ್ಷಣದಲ್ಲಿ ಹಿಂದಿನ ಅನಿಲ ನಳಿಗೆಯನ್ನು ಅಲ್ಲೇ ಉಬ್ಬಿಸುತ್ತದೆ ಅಥವಾ ಸೀಳುತ್ತದೆ.

ಹಿತ್ತಾಳೆ ಅಥವಾ ಮರದ ಕಡ್ಡಿಗೆ ಬಟ್ಟೆ ಸುತ್ತಿ ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ದೂಡಿ. ನಾಲ್ಕೈದು ಬಟ್ಟೆ ಕೊಳೆಯಾಗದೆ ಹೊರಬಂದ ಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಳಗೆ ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಹೊರಗೆ ಬೆರಳು ಸವರಿದರೂ ಕೆಲವೊಮ್ಮೆ ಅದು ತಿಳಿಯುತ್ತದೆ. ಉಬ್ಬಿದ ನಳಿಗೆಗೆ ಯಾವ ತೋಟಾವನ್ನೂ ಹುಡುಕಬೇಡಿ. ಅದು ಪೂಜೆಗಷ್ಟೇ.

ಸಣ್ಣ ತುಕ್ಕಿನ ಗುಂಡಿಗಳಿದ್ದರೆ ಗಾಬರಿ ಬೇಡ. ಗುರಿ ಸ್ವಲ್ಪ ಚದುರುತ್ತದೆ, ತಾಮ್ರ ಬೇಗ ಅಂಟುತ್ತದೆ, ಅಷ್ಟೆ. ಚೇಂಬರಿನ ಗೋಡೆಯಲ್ಲೇ ಆಳವಾದ ಗುಂಡಿಗಳಿದ್ದರೆ ಮಾತ್ರ ಕಷ್ಟ. ಸಿಡಿದ ಕೇಸು ಹಿಗ್ಗಿ ಅದರೊಳಗೆ ಕಚ್ಚಿಕೊಳ್ಳುತ್ತದೆ, ಹೊರಬರುವುದಿಲ್ಲ.

ಮುದ್ರೆಗಳು ಏನು ಹೇಳುತ್ತವೆ

ನಳಿಗೆಯ ಬುಡದಲ್ಲಿ, ಜೋಡಿ ನಳಿಗೆಯಾದರೆ ನಳಿಗೆಗಳನ್ನು ಕಳಚಿ ಅಡಿಭಾಗದಲ್ಲಿ, ಪರೀಕ್ಷಾ ಮುದ್ರೆಗಳಿರುತ್ತವೆ. ಕುಂಕುಮ, ಗಂಧ, ಹಳೆಯ ಎಣ್ಣೆ ಕೂತು ಮುಚ್ಚಿಹೋಗಿದ್ದರೆ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿ. ಮರಳು ಕಾಗದ ಮುಟ್ಟಿಸಬೇಡಿ. ಮುದ್ರೆ ಅಳಿಸಿಹೋದರೆ ಕೋವಿಯ ಸಾಮರ್ಥ್ಯಕ್ಕೆ ಇರುವ ಒಂದೇ ಸಾಕ್ಷಿ ಹೋದಂತೆ.

ಬರ್ಮಿಂಗ್‌ಹ್ಯಾಮ್ ಕೋವಿಗಳಲ್ಲಿ 1904ರಿಂದ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಕ್ಷರಗಳು ಬರುತ್ತವೆ. ಎನ್‌ಪಿ ಎಂದರೆ ನೈಟ್ರೋ, ಅಂದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ. 1954ರ ನಂತರದ್ದರಲ್ಲಿ ಕಿರೀಟ ಮತ್ತು ಬಿಎನ್‌ಪಿ ಇರುತ್ತದೆ. ಲಂಡನ್ ಕೋವಿಯಾದರೆ ಕತ್ತಿ ಹಿಡಿದ ತೋಳಿನ ಚಿತ್ರದ ಕೆಳಗೆ ಎನ್‌ಪಿ ಹುಡುಕಿ. ಬೆಲ್ಜಿಯಂ ಲೀಜ್ ಪಟ್ಟಣದ ಮುದ್ರೆ ಮೊಟ್ಟೆಯಾಕಾರದೊಳಗಿನ ಇಎಲ್‌ಜಿ. ಅದರ ಜೊತೆ ಸಿಂಹ ಮತ್ತು ಪಿವಿ ಅಕ್ಷರ ಇದ್ದರೆ ಮಾತ್ರ ಹೊಗೆರಹಿತ ಮದ್ದಿಗೆ ಲಾಯಕ್ಕು. ಹಳೆಯ ಜರ್ಮನ್ ಕೋವಿಗಳಲ್ಲಿ ನೈಟ್ರೋ ಗುರುತು ಕಿರೀಟದ ಕೆಳಗಿನ ಎನ್ ಅಕ್ಷರ.

ನೈಟ್ರೋ ಮುದ್ರೆ ಎಲ್ಲಿಯೂ ಇಲ್ಲದಿದ್ದರೆ ಆ ಕೋವಿ ಕಪ್ಪು ಮದ್ದಿನ ಕಾಲದ್ದು ಎಂದೇ ಹಿಡಿಯಿರಿ. ಇಂಗ್ಲಿಷ್ ದೊಡ್ಡ ಬೋರುಗಳಲ್ಲಿ ಇದು ಬಹಳ ಮುಖ್ಯ. .450, .500, .577 ಇವೆಲ್ಲ ಮೊದಲು ಕಪ್ಪು ಮದ್ದಿನ ತೋಟಾಗಳಾಗಿ ಹುಟ್ಟಿ, ಆಮೇಲೆ ಅದೇ ಕೇಸಿನಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ತುಂಬಿಸಿಕೊಂಡವು. ಹೊಸ ಪೆಟ್ಟಿಗೆಯ ಮೇಲಿನ "ನೈಟ್ರೋ ಎಕ್ಸ್‌ಪ್ರೆಸ್" ಎಂಬ ಪದ ಕಂಡ ಕೂಡಲೇ ಅದನ್ನು ಕೆಳಗಿಡಿ. ಕಪ್ಪು ಮದ್ದಿನ ಕೋವಿಗೆ ಕಪ್ಪು ಮದ್ದಿನ ತೋಟಾವೇ ಆಗಬೇಕು, ಇಲ್ಲವೆ "ನೈಟ್ರೋ ಫಾರ್ ಬ್ಲ್ಯಾಕ್" ಎಂದು ಸ್ಪಷ್ಟವಾಗಿ ಅಚ್ಚಾದ, ಒತ್ತಡ ಇಳಿಸಿ ತುಂಬಿದ ತೋಟಾ. ಬಾಯಿಯಿಂದ ಮದ್ದು ತುಂಬುವ ಕೇಪು ಕೋವಿಗಳಿಗೆ ಹೊಗೆರಹಿತ ಮದ್ದು ಚಿಟಿಕೆಯಷ್ಟೂ ಕೂಡದು.

ಕಾರ್ಡೈಟ್ ಕಾಲದ ಜೋಡಿ ನಳಿಗೆಗಳಲ್ಲಿ "ಕಾರ್ಡೈಟ್ 70 – 480 ಮ್ಯಾಕ್ಸ್" ಎಂಬಂಥ ಬರಹ ಸಿಗುತ್ತದೆ. 70 ಗ್ರೇನ್ ಕಾರ್ಡೈಟ್, ಗುಂಡಿನ ತೂಕ ಹೆಚ್ಚೆಂದರೆ 480 ಗ್ರೇನ್ ಎಂದು ಅದರ ಅರ್ಥ. 480 ಗ್ರೇನ್ ಅಂದರೆ ಸುಮಾರು 31 ಗ್ರಾಂ. ಮುದ್ರೆಯಲ್ಲಿ ಇದಕ್ಕಿಂತ ಹೆಚ್ಚಿನ ಮಾಹಿತಿ ಕೊಡುವ ಕೋವಿ ಅಪರೂಪ. ಈ ಅಂಕಿಗಳಿದ್ದರೆ ತೋಟಾ ಆಯ್ಕೆ ಅರ್ಧ ಮುಗಿದಂತೆಯೇ.

ಚೇಂಬರಿನ ಅಚ್ಚು, ನಳಿಗೆಯ ಅಳತೆ

ನಳಿಗೆಯ ಮೇಲಿನ ಹೆಸರು ಕೋವಿ ಅಂಗಡಿಯಿಂದ ಹೊರಬಿದ್ದ ದಿನದ ಸಂಗತಿ. ನೂರು ವರ್ಷದಲ್ಲಿ ಯಾರೋ ನಳಿಗೆ ಬದಲಿಸಿರಬಹುದು, ಚೇಂಬರ್ ಮತ್ತೆ ಕೊರೆಸಿರಬಹುದು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಸೈನ್ಯದ ತೋಟಾಗಳು ಹೊರಗಿನವರ ಕೈಸೇರಬಾರದೆಂದು ಭಾರತದಲ್ಲಿ .303, .450 ಬೋರುಗಳಿಗೆ ತಡೆ ಹಾಕಿದ ಮೇಲೆ ಇಂಥ ಬದಲಾವಣೆಗೆ ಕಾರಣವೂ ಇತ್ತು. .470, .465ರಂಥ ಹೊಸ ಬೋರುಗಳು ಬಳಕೆಗೆ ಬಂದದ್ದೂ, .315ಕ್ಕೆ ನಮ್ಮ ದೇಶದಲ್ಲಿ ಇಷ್ಟೊಂದು ಹೆಸರು ಬಂದದ್ದೂ ಆ ತಡೆಯಿಂದಲೇ.

ಹಾಗಾಗಿ ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ಚೇಂಬರಿನ ಅಚ್ಚು ತೆಗೆಸಿ. ಇದಕ್ಕೆ ಸೆರೋಸೇಫ್ ಎಂಬ ಮಿಶ್ರಲೋಹ ಬಳಸುತ್ತಾರೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕರಗುತ್ತದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ಚೇಂಬರಿಗಿಂತ ಒಂದಿಂಚು ಮುಂದೆ ನಳಿಗೆಗೆ ಬಟ್ಟೆಯ ಬಿರಡೆ ಹಾಕಿ, ಎಣ್ಣೆ ಪೂರ್ತಿ ಒರೆಸಿ, ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಗಟ್ಟಿಯಾದ ಮೇಲೆ ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಅಚ್ಚನ್ನು ಹೊರದೂಡಬೇಕಾದ್ದು ಆಗ. ಬಳಿಕ ಮತ್ತೆ ಹಿಗ್ಗುತ್ತ ಬಂದು ಹೊಯ್ದು ಒಂದು ಗಂಟೆಯಾಗುವ ಹೊತ್ತಿಗೆ ಚೇಂಬರಿನ ನಿಜ ಅಳತೆಗೆ ನಿಲ್ಲುತ್ತದೆ. ಅಳೆಯಬೇಕಾದ್ದು ಆ ಹೊತ್ತಿನಲ್ಲಿ. ಮಾರನೆಯ ದಿನ ಅಳೆದರೆ ಅಂಕಿ ದೊಡ್ಡದಾಗಿರುತ್ತದೆ.

ಅಂಚಿನ ಅಗಲ, ಬುಡದ ಅಗಲ, ಹೆಗಲು ಎಲ್ಲಿದೆ, ಕುತ್ತಿಗೆಯ ಅಗಲ, ಕೇಸಿನ ಪೂರ್ತಿ ಉದ್ದ ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಉದ್ದವೊಂದೇ ಎಷ್ಟೋ ಗೊಂದಲ ಬಿಡಿಸುತ್ತದೆ: .315ರ ಕೇಸು 50 ಮಿ.ಮೀ., .303ರದು 56, 8 ಎಂಎಂ ಮೌಸರಿನದು 57, .30-06ರದು 63, .375 ಮ್ಯಾಗ್ನಮ್ಮಿನದು 72.

ಇದು ಕೇಸಿನ ಲೆಕ್ಕ. ಗುಂಡಿನ ದಪ್ಪಕ್ಕೆ ನಳಿಗೆಯನ್ನೇ ಅಳೆಯಬೇಕು. ಶುದ್ಧ ಸೀಸದ ಉಂಡೆಯೊಂದನ್ನು, ನಳಿಗೆಗಿಂತ ಕೂದಲೆಳೆಯಷ್ಟು ದಪ್ಪನೆಯದನ್ನು, ಎಣ್ಣೆ ಹಚ್ಚಿ ಹಿತ್ತಾಳೆ ಕಡ್ಡಿಯಿಂದ ಚೇಂಬರ್ ಕಡೆಯಿಂದ ಮೆಲ್ಲಗೆ ತಟ್ಟುತ್ತ ಬಾಯಿಯವರೆಗೆ ದಾಟಿಸಿ. ಅದರ ಮೇಲೆ ನಳಿಗೆಯೊಳಗಿನ ಸುರುಳಿ ಗೀರುಗಳ ಅಚ್ಚು ಮೂಡಿರುತ್ತದೆ. ಎತ್ತರದ ಭಾಗದಿಂದ ಎದುರಿನ ಎತ್ತರದ ಭಾಗಕ್ಕೆ ಮೈಕ್ರೋಮೀಟರಿನಲ್ಲಿ ಅಳೆದರೆ ಗುಂಡಿನ ಸರಿಯಾದ ದಪ್ಪ ಸಿಗುತ್ತದೆ. ಗೀರುಗಳ ಸಂಖ್ಯೆ ಐದೋ ಏಳೋ ಆಗಿದ್ದರೆ ಎದುರುಬದುರು ಬರುವುದಿಲ್ಲ, ಆಗ ಸಾಮಾನ್ಯ ಮೈಕ್ರೋಮೀಟರ್ ತಪ್ಪು ಅಂಕಿ ಕೊಡುತ್ತದೆ. ವಿ ಆಕಾರದ ಮೈಕ್ರೋಮೀಟರ್ ಬೇಕು. ಉಂಡೆ ದೂಡುವಾಗ ಒಂದು ಕಡೆ ಸಡಿಲಾಗಿ ಇನ್ನೊಂದು ಕಡೆ ಬಿಗಿಯಾದರೆ ಆ ಸಡಿಲ ಜಾಗ ಸವೆದದ್ದು ಅಥವಾ ಉಬ್ಬಿದ್ದು.

ಹೆಸರುಗಳ ಜಂಜಾಟ

ಕೊಡಗಿನ ಮನೆಗಳ ಹಳೆಯ ರೈಫಲುಗಳಲ್ಲಿ .315 ಸಾಮಾನ್ಯ. ಇದು ಮೂಲತಃ ಆಸ್ಟ್ರಿಯಾದ 8×50 ಆರ್ ಮ್ಯಾನ್ಲಿಕರ್ ತೋಟಾ. ಇಂಗ್ಲೆಂಡಿನ ಬಿಎಸ್‌ಎ ಕಂಪನಿಯೂ ಆಮೇಲೆ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯೂ ಲೀ ಮಾದರಿಯ ಬೋಲ್ಟಿನಲ್ಲಿ ಈ ಬೋರನ್ನು ತಯಾರಿಸಿದವು. ಇದಕ್ಕೆ ತೋಟಾ ಹುಡುಕಲು ಕಷ್ಟವಿಲ್ಲ. ಪುಣೆಯ ಖಡ್ಕಿ ಕಾರ್ಖಾನೆಯ 244 ಗ್ರೇನಿನ ಮೆತ್ತನೆ ಮೂತಿಯ ತೋಟಾ ಇದಕ್ಕೆಂದೇ ಇರುವುದು. ಬುಡದಲ್ಲಿ ಕೆಎಫ್ ಎಂಬ ಅಕ್ಷರಗಳಿರುತ್ತವೆ. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳು ಏಳು ಕಂಪನಿಗಳಾಗಿ ಒಡೆದ ಮೇಲೆ ತೋಟಾ ವಿಭಾಗ ಮ್ಯೂನಿಷನ್ಸ್ ಇಂಡಿಯಾಕ್ಕೆ ಸೇರಿತು. ಪೆಟ್ಟಿಗೆಯ ಮೇಲೆ ಹೆಸರು ಬೇರೆ ಕಂಡರೆ ನಕಲಿ ಎಂದುಕೊಳ್ಳಬೇಕಿಲ್ಲ.

ನಿಜವಾದ ಅಪಾಯ ಇರುವುದು ಜರ್ಮನಿಯ 8×57ರಲ್ಲಿ. ಹಳೆಯ ಜೆ ಮಾದರಿಯ ಗುಂಡು .318 ಇಂಚು, ಆಮೇಲೆ ಬಂದ ಜೆಎಸ್ ಮಾದರಿಯದು .323. ಕೇಸು ನೋಡಲು ಒಂದೇ. ಹಲವು ಜೆ ಚೇಂಬರುಗಳಲ್ಲಿ ಜೆಎಸ್ ತೋಟಾ ಕೂರುತ್ತದೆ, ಸಿಡಿಯುತ್ತದೆ ಕೂಡ. ಇಂಚಿನ ಸಾವಿರ ಭಾಗಗಳಲ್ಲಿ ಐದು ಭಾಗದಷ್ಟು ಹೆಚ್ಚು ದಪ್ಪಗಿನ ಗುಂಡನ್ನು ಕಿರಿದಾದ ನಳಿಗೆಗೆ ತುರುಕಿದಾಗ ಒತ್ತಡ ಎಲ್ಲಿಗೆ ಏರುತ್ತದೆಂದು ಹೇಳಲಾಗದು. ಹಳೆಯ ಜರ್ಮನ್ ಕೋವಿಯಲ್ಲಿ ಜೆ, ಜೆಎಸ್ ಎಂಬ ಭೇದವನ್ನೇ ಬರೆಯದಿರಬಹುದು. ಸೀಸದ ಉಂಡೆಯ ಅಳತೆ ಆಗದೆ ಈ ಬೋರಿಗೆ ಒಂದು ತೋಟಾವನ್ನೂ ಕೊಳ್ಳಬೇಡಿ.

ಹೆಸರು ಬೇರೆಯಾಗಿ ತೋಟಾ ಒಂದೇ ಆಗಿರುವುದೂ ಇದೆ. .275 ರಿಗ್ಬಿ ಎಂದು ಕೊರೆದ ರೈಫಲಿಗೆ ಬೇಕಾದ್ದು 7×57 ಮೌಸರ್ ತೋಟಾ. ಜಿಮ್ ಕಾರ್ಬೆಟ್ ಬಳಸಿದ ಹಗುರ ರೈಫಲ್ ಇದೇ ಬೋರಿನದು. ಅಂಗಡಿಯವರು ".275 ಇಲ್ಲ" ಎಂದರೆ ನಿರಾಶರಾಗಬೇಕಿಲ್ಲ, ಕಾಗದದಲ್ಲಿ ಎರಡೂ ಹೆಸರು ಬರೆಸಿಕೊಂಡರೆ ಆಯಿತು. ಆದರೆ .318 ವೆಸ್ಟ್ಲಿ ರಿಚರ್ಡ್ಸ್ ಎಂಬ ಹೆಸರನ್ನು ನಂಬಿ ಜರ್ಮನಿಯ .318 ಗುಂಡು ತಂದರೆ ಕೆಲಸ ಕೆಟ್ಟಿತು, ವೆಸ್ಟ್ಲಿಯ ಗುಂಡಿನ ನಿಜವಾದ ದಪ್ಪ .330. ಇಂಗ್ಲಿಷರ ಕೆಲವು ಬೋರಿನ ಹೆಸರುಗಳಲ್ಲಿ ಗೀರುಗಳ ನಡುವಿನ ದಿಣ್ಣೆಯ ಅಳತೆ ಇರುತ್ತದೆ, ಕೆಲವುಗಳಲ್ಲಿ ತಳದ್ದು. ಮಾರಾಟಕ್ಕೆ ಚೆನ್ನಾಗಿ ಕೇಳಿಸುವ ಅಂಕಿಯನ್ನು ಇಟ್ಟದ್ದೂ ಉಂಟು.

.22ರಲ್ಲೂ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಎಂಬ ಮೂರು ಉದ್ದಗಳಿವೆ. ಲಾಂಗ್ ರೈಫಲಿನ ಚೇಂಬರಿನಲ್ಲಿ ಶಾರ್ಟ್ ಸಿಡಿಸಿದರೆ ತಕ್ಷಣಕ್ಕೆ ಅಪಾಯವಿಲ್ಲ. ಸಾವಿರಾರು ಈಡಿನ ನಂತರ ಶಾರ್ಟ್ ಕೇಸು ಮುಗಿಯುವ ಜಾಗದಲ್ಲಿ ಉಂಗುರದಂತೆ ಲೋಹ ಕೊರೆದುಹೋಗಿ, ಉದ್ದದ ತೋಟಾ ಹಾಕಿದಾಗ ಅದರ ಕೇಸು ಅಲ್ಲಿ ಕಚ್ಚಿಕೊಳ್ಳುತ್ತದೆ. ಅಜ್ಜನ .22ರಿಂದ ಖಾಲಿ ಕೇಸು ಹೊರಬರಲು ಮೊಂಡು ಮಾಡಿದರೆ ಮೊದಲು ಅದನ್ನೇ ಅನುಮಾನಿಸಿ. ಹಳೆಯ .22ಗೆ ಹೈ ವೆಲಾಸಿಟಿ ಬೇಡ. ಸೆಕೆಂಡಿಗೆ 1070 ಅಡಿಯ ಸುಮಾರಿನ ಸ್ಟ್ಯಾಂಡರ್ಡ್ ತೋಟಾ ಗುರಿಗೂ ಒಳ್ಳೆಯದು, ಬೋಲ್ಟಿಗೂ ಒಳ್ಳೆಯದು.

ಹಬ್ಬದ ಸ್ಪರ್ಧೆಗಳಲ್ಲಿ ರೈಫಲಿನ ಪಕ್ಕದಲ್ಲೇ 12 ಬೋರ್ ಇರುವುದರಿಂದ ಅದರ ಬಗ್ಗೆಯೂ ಎರಡು ಮಾತು. ಹಳೆಯ ಇಂಗ್ಲಿಷ್ 12 ಬೋರುಗಳ ಚೇಂಬರ್ ಬಹುಪಾಲು ಎರಡೂವರೆ ಇಂಚು, ಅಂದರೆ 65 ಮಿ.ಮೀ. ತೋಟಾದ ಮೇಲೆ ಬರೆದ 70 ಮಿ.ಮೀ. ಎಂಬುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಚಿದ ಬಾಯಿಯ 70ರ ತೋಟಾ 65ರ ಚೇಂಬರಿನಲ್ಲಿ ಆರಾಮಾಗಿ ಕೂತು, ಸಿಡಿದಾಗ ಬಾಯಿ ನಳಿಗೆಯ ಇಕ್ಕಟ್ಟಿನೊಳಗೆ ಬಿಚ್ಚಿಕೊಂಡು ಚರೆಗೆ ದಾರಿ ಕಟ್ಟುತ್ತದೆ. 20 ಬೋರಿನ ತೋಟಾ ಜೇಬಿನಲ್ಲಿ ಬೆರೆತರೆ ಇನ್ನೂ ಕೆಟ್ಟದು: 12ರ ಚೇಂಬರಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಕೋವಿ ಖಾಲಿ ಇದ್ದಂತೆ ಕಾಣುತ್ತದೆ, ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಎಡಗೈ ಹಿಡಿದ ಜಾಗದಲ್ಲೇ ಒಡೆಯುತ್ತದೆ. "ನಾಟ್ ಫಾರ್ ಬಾಲ್" ಎಂದು ಕೊರೆದಿದ್ದರೆ ಆ ನಳಿಗೆಯ ಬಾಯಿ ಕಿರಿದು, ಚರೆ ಮಾತ್ರ, ಒಂಟಿ ಗುಂಡು ಬೇಡ.

ಗುಂಡಿನ ತೂಕ ಮತ್ತು ಆಕಾರ

ಹಳೆಯ ರೈಫಲುಗಳು ಉದ್ದನೆಯ, ಭಾರದ, ದುಂಡು ಮೂತಿಯ ಗುಂಡಿಗೆ ಹುಟ್ಟಿದವು. ಗೀರುಗಳ ತಿರುವು ಅದಕ್ಕೆ ತಕ್ಕಂತೆ ಇರುತ್ತದೆ, ಚೇಂಬರಿನ ಮುಂದಿನ ಗಂಟಲೂ ಉದ್ದ. ಅಲ್ಲಿ ಹಗುರವಾದ ಮೊನಚು ಗುಂಡು ಹಾಕಿದರೆ ಗೀರು ಮುಟ್ಟುವ ಮೊದಲೇ ಅಂಕೆಯಿಲ್ಲದೆ ಹಾರಿ ಓರೆಯಾಗಿ ಕಚ್ಚುತ್ತದೆ, ಗುರಿ ಚದುರುತ್ತದೆ. ಮೂಲ ತೂಕವನ್ನೇ ಹುಡುಕಿ. ಗುರಿಯ ಕಾಗದದಲ್ಲಿ ತೂತು ದುಂಡಗಿರದೆ ಕೀಲಿಕೈ ಕಿಂಡಿಯಂತೆ ಉದ್ದುದ್ದವಾಗಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ: ನಳಿಗೆ ಸವೆದಿದೆ ಅಥವಾ ಗುಂಡು ತೆಳು.

ನಳಿಗೆಯ ಕೆಳಗೆ ಕೊಳವೆಯ ಮ್ಯಾಗಜಿನ್ ಇರುವ ವಿಂಚೆಸ್ಟರ್ ಮಾದರಿಯ ಲಿವರ್ ರೈಫಲಿಗೆ ಚಪ್ಪಟೆ ಅಥವಾ ದುಂಡು ಮೂತಿಯ ಗುಂಡೇ ಆಗಬೇಕು. ಅದರಲ್ಲಿ ತೋಟಾಗಳು ಒಂದರ ಹಿಂದೊಂದು ಕೂರುತ್ತವೆ. ಚೂಪು ಮೂತಿ ಮುಂದಿನ ತೋಟಾದ ಬುಡದ ಕೇಪಿಗೆ (ಮದ್ದಿಗೆ ಕಿಡಿ ಹೊತ್ತಿಸುವ ಬಟ್ಟಲಿಗೆ) ತಾಗಿ ಹಿನ್ನೂಕಿಗೆ ಒಳಗೇ ಸಿಡಿಯಬಹುದು.

ಜೋಡಿ ನಳಿಗೆ ರೈಫಲಿನಲ್ಲಿ ಕಡಿಮೆ ಒತ್ತಡ ಎಂದು ಹಗುರ ತೋಟಾ ಹುಡುಕಿದರೆ ಪ್ರಯೋಜನವಿಲ್ಲ. ಎರಡು ನಳಿಗೆಗಳನ್ನು ಒಂದು ನಿರ್ದಿಷ್ಟ ತೂಕ, ಒಂದು ನಿರ್ದಿಷ್ಟ ವೇಗಕ್ಕೆ ಒಂದೇ ಜಾಗ ಹೊಡೆಯುವಂತೆ ಸೇರಿಸಿ ಬೆಸೆದಿರುತ್ತಾರೆ. ವೇಗ ಕಡಿಮೆಯಾದರೆ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇದ್ದು, ಹಿನ್ನೂಕಿಗೆ ನಳಿಗೆ ಹೊರಕ್ಕೆ ಹೆಚ್ಚು ಸರಿದು, ಬಲನಳಿಗೆ ಬಲಕ್ಕೂ ಎಡನಳಿಗೆ ಎಡಕ್ಕೂ ಹೊಡೆಯುತ್ತದೆ. ವೇಗ ಹೆಚ್ಚಾದರೆ ಈಡುಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಕಾಗದದ ಮೇಲೆ ಇದನ್ನು ನೋಡಿಯೇ ತೋಟಾ ವೇಗವಾದದ್ದೋ ನಿಧಾನವಾದದ್ದೋ ಹೇಳಬಹುದು. ಇಂಥ ಕೋವಿಗೆ ನಳಿಗೆಯ ಮೇಲೆ ಬರೆದ ತೂಕ, ಮುದ್ರೆಯ ಮದ್ದು ಇವೇ ಅಂತಿಮ.

ಅಜ್ಜ ಬಿಟ್ಟುಹೋದ ಪೆಟ್ಟಿಗೆ

ಕೋವಿಯ ಜೊತೆ ಕೈನಾಕ್ ಅಥವಾ ಈಲಿ ಹೆಸರಿನ ಹಳೆಯ ಪೆಟ್ಟಿಗೆ ಸಿಕ್ಕರೆ ಅದು ಯಾವ ಬೋರು, ಯಾವ ತೂಕ ಎಂದು ಹೇಳುವ ಒಳ್ಳೆಯ ಸಾಕ್ಷಿ. ಪೆಟ್ಟಿಗೆಯನ್ನು ಜೋಪಾನ ಮಾಡಿ, ಒಳಗಿನದನ್ನು ಹೊಡೆಯಬೇಡಿ. ಮಡಿಕೇರಿಯ ಕಕ್ಕಡದ (ಆಷಾಢದ ಮಳೆಯ) ತೇವದಲ್ಲಿ ಐವತ್ತು ಮಳೆಗಾಲ ಕಂಡ ತೋಟಾ ಹೇಗೆ ವರ್ತಿಸುತ್ತದೆಂದು ಯಾರೂ ಹೇಳಲಾರರು. ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು, ಬೆರಳಲ್ಲಿ ತಿರುಗಿಸಿದರೆ ಅಲುಗುವ ಗುಂಡು, ಕಪ್ಪಾಗಿ ತಗ್ಗಿದ ಕೇಪು, ಇವುಗಳಲ್ಲಿ ಒಂದಿದ್ದರೂ ಬೇಡ. ಕಾಗದದ 12 ಬೋರ್ ತೋಟಾ ತೇವಕ್ಕೆ ಊದಿಕೊಂಡಿದ್ದರೆ ಚೇಂಬರಿಗೆ ಹೋಗುವುದೇ ಇಲ್ಲ. ಚಾಕುವಿನಿಂದ ಕೆರೆದು ತುರುಕುವವರೂ ಇದ್ದಾರೆ.

ನೋಡಲು ಚೆನ್ನಾಗಿರುವ ಹಳೆಯ ತೋಟಾದಲ್ಲಿ ಇನ್ನೊಂದು ತೊಂದರೆ ಇದೆ. ಹಿಂದಿನ ಕೇಪುಗಳಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಪದರ ಉಳಿದು ಗಾಳಿಯ ತೇವ ಹೀರುತ್ತದೆ. ನಮ್ಮ ಹವೆಯಲ್ಲಿ ಒಂದು ರಾತ್ರಿ ಸಾಕು, ಬೆಳಿಗ್ಗೆ ನಳಿಗೆ ಕೆಂಪು. ಎಣ್ಣೆ ಈ ಉಪ್ಪನ್ನು ಕರಗಿಸುವುದಿಲ್ಲ. ಮೊದಲು ಬಿಸಿನೀರು ಹಾಯಿಸಿ, ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ.

ಬೇಡವಾದ ತೋಟಾವನ್ನು ತೋಟದಲ್ಲಿ ಹೂಳುವುದು, ಒಲೆಗೆ ಹಾಕುವುದು, ಗುಂಡು ಕಿತ್ತು ಮದ್ದು ಸುರಿಯುವುದು ಬೇಡ. ಪರವಾನಗಿ ಇರುವ ಅಂಗಡಿಗೋ ಪೊಲೀಸ್ ಠಾಣೆಗೋ ತಿಳಿಸಿ ಒಪ್ಪಿಸಿ.

ಮೊದಲ ಈಡು, ಖಾಲಿ ಕೇಸಿನ ಓದು

ತೋಟಾ ಗೊತ್ತಾದ ಮೇಲೂ ಮೊದಲ ಈಡನ್ನು ಹೆಗಲಿಗೆ ಒತ್ತಿ ಹೊಡೆಯುವಂತಿಲ್ಲ. ಗನ್‌ಸ್ಮಿತ್ ಕೋವಿಯನ್ನು ಹಳೆಯ ಟೈರಿಗೋ ಮರದ ಚೌಕಟ್ಟಿಗೋ ಬಿಗಿದು, ಹತ್ತು ಮೀಟರಿಗಿಂತ ಉದ್ದದ ಹಗ್ಗ ಟ್ರಿಗರಿಗೆ ಕಟ್ಟಿ, ಮರೆಯಲ್ಲಿ ನಿಂತು ಎಳೆಯುತ್ತಾರೆ. ಮುಂದೆ ಮಣ್ಣಿನ ದಿಬ್ಬ ಇರಬೇಕು. ಬೋಲ್ಟಿನ ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟಿಗೂ ಕೇಸಿಗೂ ನಡುವಿನ ಸಂದನ್ನು) ಗೇಜ್ ಹಾಕಿ ನೋಡಿಸುವುದೂ ಅದಕ್ಕೂ ಮೊದಲೇ ಆಗಬೇಕಾದ ಕೆಲಸ.

ಸಿಡಿದ ಕೇಸನ್ನು ಎಸೆಯಬೇಡಿ. ಕೋವಿಯ ಆರೋಗ್ಯವೆಲ್ಲ ಅದರಲ್ಲಿ ಬರೆದಿರುತ್ತದೆ. ಕೇಪು ಚಪ್ಪಟೆಯಾಗಿ ಅಂಚು ಮಾಯವಾಗಿದ್ದರೆ, ಬೋಲ್ಟ್ ಎತ್ತಲು ಅಂಗೈಯಿಂದ ತಟ್ಟಬೇಕಾದರೆ, ಒತ್ತಡ ಮಿತಿ ಮೀರಿದೆ. ಕೇಪು ಹಿಂದಕ್ಕೆ ಉಬ್ಬಿ ಹೊರಬಂದಿದ್ದರೆ ಒತ್ತಡ ಕಡಿಮೆ, ಆದರೆ ಬೋಲ್ಟಿಗೂ ಕೇಸಿಗೂ ನಡುವೆ ಸಂದು ಹೆಚ್ಚು. ಬುಡದಿಂದ ಅರ್ಧ ಇಂಚು ಮೇಲೆ ಹೊಳೆಯುವ ಉಂಗುರ ಸುತ್ತಿದ್ದರೆ ಅಲ್ಲಿ ಹಿತ್ತಾಳೆ ಎಳೆದು ತೆಳುವಾಗಿದೆ, ಮುಂದಿನ ತೋಟಾ ಅಲ್ಲೇ ತುಂಡಾಗಿ ಅರ್ಧ ಭಾಗ ಚೇಂಬರಿನಲ್ಲಿ ಉಳಿಯಬಹುದು. ಲೀ ಮಾದರಿಯ ಹಳೆಯ ಬೋಲ್ಟುಗಳಲ್ಲಿ ಕಾಣುವ ರೋಗವಿದು. ಕೇಪಿನ ಸುತ್ತ ಮಸಿ ಸೋರಿದ್ದರೆ ಅನಿಲ ಹಿಂದಕ್ಕೆ ಬರುತ್ತಿದೆ. ಕುತ್ತಿಗೆ ಮಾತ್ರ ಸೀಳಿದ್ದರೆ ಬಹುತೇಕ ಹಳೆಯ ಹಿತ್ತಾಳೆಯ ದೋಷ, ಕೋವಿಯದಲ್ಲ.

ಟ್ರಿಗರ್ ಎಳೆದರೂ ಸಿಡಿಯದಿದ್ದರೆ ಬಾಯಿಯನ್ನು ದಿಬ್ಬದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ತಡವಾಗಿ ಸಿಡಿಯುವ ತೋಟಾಗಳು ಹಳೆಯ ಸರಕಿನಲ್ಲಿ ಸಿಗುತ್ತವೆ. ಸದ್ದು ಪುಸ್ಸೆಂದು ಬಂದು ಹಿನ್ನೂಕು ಇಲ್ಲದಿದ್ದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಕಡ್ಡಿ ಹಾಯಿಸಿ ನೋಡದೆ ಮತ್ತೊಂದು ತೋಟಾ ಹಾಕಬೇಡಿ.

ತೆಂಗಿನಕಾಯಿಯನ್ನು ಮರದ ತುದಿಗೆ ಕಟ್ಟಿ ಹೊಡೆಯುವ ಕಡೆ ಹಿಂದೆ ದಿಬ್ಬವಿರುವುದಿಲ್ಲ, ಆಕಾಶವಿರುತ್ತದೆ. .22ರ ಗುಂಡೂ ಒಂದೂವರೆ ಕಿ.ಮೀ. ಹೋಗಬಲ್ಲದು, .315 ಅದಕ್ಕಿಂತ ಬಹಳ ದೂರ. ದೊಡ್ಡ ಬೋರಿನ ರೈಫಲನ್ನು ಇಂಥ ಗುರಿಗೆ ಎತ್ತಬೇಡಿ. ಕಾಫಿ ತೋಟದಾಚೆ ಕಾರ್ಮಿಕರ ಲೈನ್ ಮನೆಗಳಿರುತ್ತವೆ.

ತೋಟಾ ಇಡುವ ಜಾಗ

ಒಲೆಯ ಮೇಲಿನ ಅಟ್ಟ ಏಲಕ್ಕಿಗೂ ಕಾಳುಮೆಣಸಿಗೂ ಒಳ್ಳೆಯದು, ತೋಟಾಕ್ಕಲ್ಲ. ಕಾವು ಹೊಗೆರಹಿತ ಮದ್ದನ್ನು ನಿಧಾನವಾಗಿ ಕೆಡಿಸುತ್ತದೆ. ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿ ಬಿಟ್ಟರೆ ಹದ ಮಾಡಿದ ಚರ್ಮದ ಆಮ್ಲಕ್ಕೆ ಹಿತ್ತಾಳೆ ಹಸಿರಾಗುತ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಚೀಲ ಹಾಕಿ, ಕೋವಿಯಿಂದ ಬೇರೆಯಾಗಿ, ಬೀಗದೊಳಗೆ ಇಡಿ. ಸಿಲಿಕಾ ಜೆಲ್ಲನ್ನು ಮಳೆಗಾಲದಲ್ಲಿ ಆಗಾಗ ತೆಗೆದು ಬಿಸಿ ಮಾಡಿ ಒಣಗಿಸಿ.

ತೋಟಾಕ್ಕೆ ಎಣ್ಣೆ ಸವರುವ ರೂಢಿ ಕೆಲವು ಮನೆಗಳಲ್ಲಿದೆ, ಬಿಡಿಸಿ. ತೆಳು ಎಣ್ಣೆ ಕೇಪಿನೊಳಗೆ ಇಳಿದು ಅದನ್ನು ಸಾಯಿಸುತ್ತದೆ. ಸಾಯದೆ ಸಿಡಿದರೂ, ಎಣ್ಣೆಯಾದ ಕೇಸು ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳದೆ ಪೂರ್ತಿ ಭಾರವನ್ನು ಬೋಲ್ಟಿನ ಮೇಲೆ ಹಾಕುತ್ತದೆ. ಹೊಡೆಯುವ ಮೊದಲು ಚೇಂಬರನ್ನೂ ಒಣಬಟ್ಟೆಯಿಂದ ಒರೆಸಬೇಕು.

ಒಂದು ಪೆಟ್ಟಿಗೆ ಚೆನ್ನಾಗಿ ಗುರಿ ಕೂತರೆ ಅದರ ಲಾಟ್ (ಒಂದೇ ಸಲ ತಯಾರಾದ ಕಂತು) ಸಂಖ್ಯೆ ಬರೆದಿಟ್ಟು ಅದೇ ಲಾಟಿನ ಇನ್ನೊಂದೆರಡು ಪೆಟ್ಟಿಗೆ ತೆಗೆದುಕೊಳ್ಳಿ. ಲಾಟ್ ಬದಲಾದರೆ ಈಡು ಬೀಳುವ ಜಾಗವೂ ಬದಲಾಗುತ್ತದೆ, ಹಳೆಯ ರೈಫಲಿನ ಎತ್ತಿ ಮಡಚುವ ಗುರಿಪಟ್ಟಿಯಲ್ಲಿ ಅದನ್ನು ಸರಿಪಡಿಸಲು ಅವಕಾಶ ಕಡಿಮೆ. ಬೋರು, ಚೇಂಬರಿನ ಉದ್ದ, ನಳಿಗೆಯ ಅಳತೆ, ಮುದ್ರೆ, ಒಪ್ಪಿದ ಗುಂಡಿನ ತೂಕ, ಲಾಟ್, ಇಷ್ಟನ್ನೂ ಒಂದು ದಪ್ಪ ಕಾಗದದಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೋವಿಯ ಪಟ್ಟಿಗೆ ಕಟ್ಟಿ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ರೈಫಲ್ ಇದ್ದರೆ ತೋಟಾದ ಡಬ್ಬಿಗೂ ಕೋವಿಗೂ ಒಂದೇ ಬಣ್ಣದ ಗುರುತು ಹಾಕಿ.